ಗ್ರಂಥಾಲಯದ ಕವಿ, ಗುಡಿಸಲಿನ ಮುದುಕಿ

ಸಿರೇನ್ ಎಂಬ ಊರಿನ ಹೆಸರು ತಪಸ್ಸುಕಾಲದ ಪ್ರತಿ ಶುಕ್ರವಾರ ನಮ್ಮ ದೇವಾಲಯಗಳಲ್ಲಿ ಕೇಳಿಬರುತ್ತದೆ. ಶಿಲುಬೆಯ ಹಾದಿಯ ಐದನೆಯ ಸ್ಥಳದಲ್ಲಿ ಪ್ರಭುವಿನ ಶಿಲುಬೆಗೆ ಹೆಗಲು ಕೊಟ್ಟ ಸಿಮೋನನ ಊರು ಅದು. ಅದಕ್ಕಿಂತ ಹೆಚ್ಚಿನದೇನನ್ನೂ ಆ ಊರಿನ ಬಗ್ಗೆ ನಾವು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ಇಂದಿನ ಲಿಬಿಯ ದೇಶದ ಕರಾವಳಿಗೆ ಸಮೀಪದ ಎತ್ತರದ ನೆಲದಲ್ಲಿ, ಥೇರ ದ್ವೀಪದಿಂದ ವಲಸೆ ಬಂದ ಗ್ರೀಕರು ಕ್ರಿ.ಪೂ. ಏಳನೆಯ ಶತಮಾನದಲ್ಲಿ ಕಟ್ಟಿದ ಪಟ್ಟಣವಿದು. ಸಿಮೋನನಿಗೆ ಮುನ್ನೂರು ವರ್ಷಗಳಿಗೂ ಹಿಂದೆ, ಸುಮಾರು ಕ್ರಿ.ಪೂ. 310ರಲ್ಲಿ, ಇದೇ ಊರಿನಲ್ಲಿ ಹುಟ್ಟಿದವನು ಕಲ್ಲಿಮಾಕಸ್. ಈತ ಕವಿ, ಪಂಡಿತ, ಗ್ರಂಥಸೂಚಿಕಾರ. ಊರನ್ನು ಸ್ಥಾಪಿಸಿದ ಬಾಟಸ್‌ನ ವಂಶದವನೆಂದು ಹೇಳಿಕೊಳ್ಳುವುದರಲ್ಲಿ ಅವನಿಗೆ ಹೆಮ್ಮೆಯಿತ್ತು. ಆದರೆ ಬದುಕು ಸಾಗಿದ್ದು ಬೇರೊಂದು ಊರಿನಲ್ಲಿ, ಈಜಿಪ್ಟಿನ ಅಲೆಕ್ಸಾಂದ್ರಿಯದಲ್ಲಿ. ಅಲ್ಲಿಯೇ ಸುಮಾರು ಕ್ರಿ.ಪೂ. 240ರ ಹೊತ್ತಿಗೆ ಅವನ ಬದುಕು ಮುಗಿಯಿತು.

ಪ್ರಾಚೀನ ಸಾಹಿತ್ಯದ ಚರಿತ್ರೆಗಳು ಈ ಕವಿಯನ್ನು ಗೌರವದಿಂದ ನೆನೆಯುತ್ತವೆ, ಆದರೆ ಅಪರೂಪಕ್ಕೆ ಪ್ರೀತಿಯಿಂದ. ಪುಸ್ತಕಗಳಿಂದ ಪುಸ್ತಕ ಬರೆದವನು, ಹೃದಯಕ್ಕಿಂತ ತಲೆ ದೊಡ್ಡದಾಗಿದ್ದವನು, ಆಯ್ದ ಕೆಲವರಿಗಾಗಿ ಮಾತ್ರ ಹಾಡಿದವನು ಎಂಬ ಆರೋಪ ಅವನ ಹೆಸರಿಗೆ ಅಂಟಿಕೊಂಡಿದೆ. ರೋಮಿನ ಕವಿ ಓವಿದನೇ ಅವನಲ್ಲಿ ಕಲೆಯುಂಟು, ಪ್ರತಿಭೆ ಅಷ್ಟಿಲ್ಲ ಎಂಬರ್ಥದ ತೀರ್ಪನ್ನು ಕೊಟ್ಟಿದ್ದಾನೆ. ವಿದ್ವತ್ತು ಮನುಷ್ಯನ ಎದೆಯನ್ನು ಒಣಗಿಸುತ್ತದೆಯೇ ಎಂಬ ಪ್ರಶ್ನೆ ಇದರೊಳಗೆ ಅಡಗಿದೆ. ನಮ್ಮ ಮನೆಗಳಲ್ಲಿಯೂ ಓದಿ ದೊಡ್ಡವರಾದ ಮಕ್ಕಳ ಬಗ್ಗೆ ಹಿರಿಯರು ಮೆಲ್ಲಗೆ ಆಡಿಕೊಳ್ಳುವ ಪ್ರಶ್ನೆಯೇ ಇದು. ಕಲ್ಲಿಮಾಕಸ್‌ನ ವಿಷಯದಲ್ಲಿ ಆ ಆರೋಪ ಅರ್ಧ ಮಾತ್ರ ನಿಜವೆಂದು ನನಗೆ ತೋರುತ್ತದೆ. ಉಳಿದ ಅರ್ಧಕ್ಕೆ ಉತ್ತರ ಕೊಡುವವಳು ಅವನೇ ಚಿತ್ರಿಸಿದ ಒಬ್ಬ ಬಡ ಮುದುಕಿ.

ಮೊದಲು ಅಲೆಕ್ಸಾಂದ್ರಿಯವನ್ನು ನೋಡಬೇಕು. ಅಲೆಕ್ಸಾಂಡರ್ ಕ್ರಿ.ಪೂ. 331ರಲ್ಲಿ ಸ್ಥಾಪಿಸಿದ ಆ ನಗರ ಕಲ್ಲಿಮಾಕಸ್ ಅಲ್ಲಿಗೆ ಬಂದಾಗ ಇನ್ನೂ ಹೊಸತು. ಟಾಲೆಮಿ ವಂಶದ ಅರಸರು ಅಲ್ಲಿ ಕಲಾದೇವಿಯರ ಹೆಸರಿನ ಒಂದು ವಿದ್ವತ್ ಸಂಸ್ಥೆಯನ್ನೂ ಅದರೊಡನೆ ಮಹಾಗ್ರಂಥಾಲಯವನ್ನೂ ಬೆಳೆಸಿದರು. ಲೋಕದ ಗ್ರೀಕ್ ಬರಹವೆಲ್ಲ ಒಂದೆಡೆ ಸೇರಬೇಕೆಂಬುದು ಅವರ ಆಸೆ. ಯೆಹೂದ್ಯರ ಧರ್ಮಶಾಸ್ತ್ರವನ್ನು ಗ್ರೀಕ್ ಭಾಷೆಗೆ ತರಿಸಿದವನು ಎರಡನೆಯ ಟಾಲೆಮಿ ಎಂದು ಒಂದು ಪುರಾತನ ಸಂಪ್ರದಾಯ ಹೇಳುತ್ತದೆ. ಆ ಕತೆಯ ವಿವರಗಳಲ್ಲಿ ಕಲ್ಪನೆ ಬೆರೆತಿದೆ. ಆದರೂ ಮೋಶೆಯ ಐದು ಗ್ರಂಥಗಳು ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಗ್ರೀಕ್ ಭಾಷೆಗೆ ಬಂದುವೆಂಬುದನ್ನು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಮುಂದೆ ಸಂತ ಪೌಲರೂ ಶುಭಸಂದೇಶಕಾರರೂ ಉದ್ಧರಿಸಿದ ಪವಿತ್ರಗ್ರಂಥದ ಭಾಷೆ ರೂಪುಗೊಳ್ಳುತ್ತಿದ್ದ ಕಾಲಮಾನದಲ್ಲಿಯೇ ನಮ್ಮ ಕವಿಯೂ ಬರೆಯುತ್ತಿದ್ದನು.

ಆರಂಭದಲ್ಲಿ ಅವನು ಎಲ್ಯೂಸಿಸ್ ಎಂಬ ಹೊರವಲಯದ ಊರಿನಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವ ಉಪಾಧ್ಯಾಯನಾಗಿದ್ದನೆಂದು ಬೈಜಾಂಟಿಯಮ್ ಕಾಲದ ‘ಸೂದ’ ಎಂಬ ಕೋಶ ತಿಳಿಸುತ್ತದೆ. ಅಲ್ಲಿಂದ ಅರಮನೆಯ ಆಶ್ರಯಕ್ಕೆ ಬಂದನು. ಅವನು ಗ್ರಂಥಾಲಯದ ಮುಖ್ಯಾಧಿಕಾರಿಯಾಗಿದ್ದನೆಂದು ಅನೇಕ ಪುಸ್ತಕಗಳಲ್ಲಿ ಓದುತ್ತೇವೆ. ಆದರೆ 1914ರಲ್ಲಿ ಪ್ರಕಟವಾದ ಒಂದು ಪಪೈರಸ್‌ನಲ್ಲಿರುವ ಗ್ರಂಥಪಾಲಕರ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಆ ಪಟ್ಟಿಯಲ್ಲಿ ಅಪೊಲೋನಿಯಸ್ ಇದ್ದಾನೆ, ಅವನ ಅನಂತರ ಸಿರೇನ್ ಊರಿನವನೇ ಆದ ಎರಟಾಸ್ಥೆನಿಸ್ ಇದ್ದಾನೆ. ಪದವಿ ಬೇರೆಯವರಿಗೆ ಸಿಕ್ಕಿತು, ಅವನು ಕೆಲಸ ಮಾಡಿದನು. ಅದೆಂತಹ ಕೆಲಸ!

‘ಪಿನಕೇಸ್’ ಎಂದರೆ ಫಲಕಗಳು ಅಥವಾ ಪಟ್ಟಿಗಳು. ವಿದ್ಯೆಯ ಪ್ರತಿಯೊಂದು ಶಾಖೆಯಲ್ಲಿಯೂ ಹೆಸರಾದವರ ಮತ್ತು ಅವರ ಬರಹಗಳ ಸೂಚಿಯಾದ ಇದು 120 ಸುರುಳಿಗಳಷ್ಟಿತ್ತು. ಬರೆದವನ ಹೆಸರು, ತಂದೆಯ ಹೆಸರು, ಊರು, ಗುರು, ಬರೆದ ಕೃತಿಗಳು, ಕೃತಿಯ ಮೊದಲ ಮಾತುಗಳು, ಸಾಲುಗಳ ಸಂಖ್ಯೆ ಇಂತಹ ವಿವರಗಳನ್ನು ಅದು ದಾಖಲಿಸುತ್ತಿತ್ತು. ಇಂದು ಯಾವುದೇ ಗ್ರಂಥಾಲಯದಲ್ಲಿ ಲೇಖಕನ ಹೆಸರಿನಿಂದ ಪುಸ್ತಕ ಹುಡುಕುವವರು ಅವನು ತುಳಿದ ದಾರಿಯಲ್ಲಿಯೇ ನಡೆಯುತ್ತಾರೆ. ಮೂಲ ಸೂಚಿ ನಾಶವಾಗಿದೆ. ಇತರರು ಅದರಿಂದ ಎತ್ತಿಕೊಂಡ ಕೆಲವು ತುಣುಕುಗಳು ಮಾತ್ರ ಉಳಿದಿವೆ. ಆ ತುಣುಕುಗಳನ್ನು ಓದುವಾಗ ನಗುವೂ ಬರುತ್ತದೆ, ಗೌರವವೂ ಹುಟ್ಟುತ್ತದೆ. ಮಹಾಕವಿಗಳ ಜೊತೆಗೆ, ಸಿಹಿ ಭಕ್ಷ್ಯಗಳನ್ನು ಮಾಡುವ ವಿಧಾನದ ಬಗ್ಗೆ ಬರೆದವರೂ ಅವನ ಪಟ್ಟಿಯಲ್ಲಿದ್ದರು. ಅಥೆನ್ಸಿನಲ್ಲಿ ಕರೆಯದ ಊಟಕ್ಕೂ ಹೋಗುತ್ತಿದ್ದನೆಂದು ಅಪಹಾಸ್ಯಕ್ಕೆ ಗುರಿಯಾದ ಕೈರೆಫಾನ್ ಎಂಬವನು ಭೋಜನದ ಕುರಿತು ಬರೆದ ಒಂದು ಹೊತ್ತಗೆಯನ್ನೂ ಕಲ್ಲಿಮಾಕಸ್ ಬಿಡಲಿಲ್ಲ. ಅದರ ಆರಂಭದ ಮಾತುಗಳನ್ನು ಗುರುತಿಸಿ, ಅದರಲ್ಲಿ 375 ಸಾಲುಗಳಿವೆಯೆಂದು ಎಣಿಸಿ ಬರೆದನು. ಇದು ಉಪಯುಕ್ತ, ಇದು ನಿರುಪಯುಕ್ತ ಎಂದು ವಿಂಗಡಿಸುವ ಅಧಿಕಾರ ಸೂಚಿಕಾರನಿಗಿಲ್ಲ. ಬರೆದವನೊಬ್ಬನಿದ್ದನು, ಅವನಿಗೊಬ್ಬ ತಂದೆಯಿದ್ದನು, ಒಂದು ಊರಿತ್ತು ಎಂಬುದಷ್ಟೇ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ನಮ್ಮ ಧರ್ಮಕೇಂದ್ರದ ಜ್ಞಾನಸ್ನಾನದ ದಾಖಲೆ ಪುಸ್ತಕವನ್ನು ಬಿಡಿಸಿ ನೋಡಿದವರಿಗೆ ಈ ಬಗೆಯ ನ್ಯಾಯದ ಪರಿಚಯವಿದೆ.

ಸಮಕಾಲೀನರೆಲ್ಲರೂ ಇದನ್ನು ಮೆಚ್ಚಲಿಲ್ಲ. ತಿಮಾನ್ ಎಂಬ ವಿಡಂಬನಕಾರ ಅಲೆಕ್ಸಾಂದ್ರಿಯದ ಪಂಡಿತರನ್ನು ಪಂಜರದೊಳಗೆ ಕಾಳು ತಿಂದು ಕಚ್ಚಾಡುವ ಹಕ್ಕಿಗಳಿಗೆ ಹೋಲಿಸಿ ಹಾಸ್ಯ ಮಾಡಿದನು. ಕಚ್ಚಾಟ ಇದ್ದದ್ದು ನಿಜ. ಕಲ್ಲಿಮಾಕಸ್‌ನೇ ತನ್ನ ಒಂದು ಕವಿತೆಯಲ್ಲಿ ಹಳೆಯ ವಿಡಂಬನಕವಿ ಹಿಪ್ಪೋನಾಕ್ಸ್‌ನನ್ನು ಸತ್ತವರ ಲೋಕದಿಂದ ಕರೆತಂದು, ಪಂಡಿತರನ್ನೆಲ್ಲ ಒಂದೆಡೆ ಕೂಡಿಸಿ, ಅವರಿಗೊಂದು ಕತೆ ಹೇಳಿಸುತ್ತಾನೆ. ಅತ್ಯಂತ ವಿವೇಕಿಗೆ ಕೊಡಬೇಕೆಂದು ಒಬ್ಬನು ಸಾಯುವಾಗ ಬಿಟ್ಟುಹೋದ ಬಂಗಾರದ ಬಟ್ಟಲು ಏಳು ಜ್ಞಾನಿಗಳ ನಡುವೆ ಸುತ್ತುತ್ತದೆ. ಪ್ರತಿಯೊಬ್ಬನೂ ಅದು ತನ್ನದಲ್ಲವೆಂದು ಮತ್ತೊಬ್ಬನಿಗೆ ಕಳುಹಿಸುತ್ತಾನೆ. ಕೊನೆಗೆ ಅದು ಅಪೊಲೋ ದೇವರ ಗುಡಿಗೆ ಕಾಣಿಕೆಯಾಗಿ ಸೇರುತ್ತದೆ. ಹೀಗೆ ಬರೆದವನೇ ತನ್ನ ವಿರೋಧಿಯೊಬ್ಬನನ್ನು ಶಪಿಸಿ ‘ಐಬಿಸ್’ ಎಂಬ ಕವಿತೆಯನ್ನೂ ರಚಿಸಿದನೆಂಬುದನ್ನು ಮರೆಯಬಾರದು. ಆ ವಿರೋಧಿ ಅಪೊಲೋನಿಯಸ್ ಎಂಬ ಮಾತು ತೀರಾ ತಡವಾಗಿ ಹುಟ್ಟಿದ್ದು. ಆ ಜಗಳದ ಕತೆಯನ್ನು ಇಂದಿನ ವಿದ್ವಾಂಸರಲ್ಲಿ ಬಹುಪಾಲು ಜನ ನಂಬುವುದಿಲ್ಲ.

ಕವಿತೆಯ ಬಗ್ಗೆ ಅವನಿಗಿದ್ದ ನಿಲುವು ಪ್ರಸಿದ್ಧವಾದುದು. ‘ಐತಿಯ’, ಅಂದರೆ ‘ಕಾರಣಗಳು’, ಎಂಬ ನಾಲ್ಕು ಭಾಗಗಳ ಕೃತಿಯಲ್ಲಿ ಅವನು ಹಬ್ಬ, ಆಚರಣೆ, ಊರು, ಪೂಜಾಪದ್ಧತಿಗಳ ಮೂಲವನ್ನು ಹುಡುಕುತ್ತಾನೆ. ಅದರ ಮುನ್ನುಡಿಯಲ್ಲಿ ತನ್ನ ಟೀಕಾಕಾರರಿಗೆ ಉತ್ತರ ಕೊಡುತ್ತಾನೆ. ಸಾವಿರ ಸಾವಿರ ಸಾಲುಗಳ ಒಂದೇ ಅಖಂಡ ವೀರಕಾವ್ಯವನ್ನು ನೀನೇಕೆ ಬರೆಯಲಿಲ್ಲವೆಂದು ಅವರು ಗೊಣಗುತ್ತಾರೆ. ತಾನು ಚಿಕ್ಕವನಾಗಿ ಮೊದಲ ಬಾರಿಗೆ ಬರೆಯುವ ಹಲಗೆಯನ್ನು ಮಂಡಿಯ ಮೇಲಿಟ್ಟುಕೊಂಡಾಗ ಅಪೊಲೋ ದೇವರು ಹೇಳಿದ ಬುದ್ಧಿಮಾತನ್ನು ಅವನು ನೆನಪಿಸುತ್ತಾನೆ: ಬಲಿಯ ಪ್ರಾಣಿ ಕೊಬ್ಬಿರಲಿ, ಕವಿತೆ ಮಾತ್ರ ತೆಳ್ಳಗಿರಲಿ, ಬಂಡಿಗಳು ಓಡಾಡಿ ಸವೆದ ಹೆದ್ದಾರಿ ಬೇಡ, ಇಕ್ಕಟ್ಟಾದರೂ ತುಳಿಯದ ಹಾದಿ ಇರಲಿ. ಇಕ್ಕಟ್ಟಾದ ಹಾದಿಯೆಂದೊಡನೆ ಮತ್ತಾಯನ ಶುಭಸಂದೇಶದ ಏಳನೆಯ ಅಧ್ಯಾಯ ನಮಗೆ ನೆನಪಾಗುತ್ತದೆ. ಹೋಲಿಕೆ ಚಿತ್ರದಲ್ಲಿ ಮಾತ್ರ ಇದೆ. ಪ್ರಭು ಹೇಳುವ ಇಕ್ಕಟ್ಟಾದ ಬಾಗಿಲು ಜೀವಕ್ಕೆ ಒಯ್ಯುತ್ತದೆ, ಕವಿಯ ಹಾದಿ ರುಚಿಗೆ ಸಂಬಂಧಿಸಿದ್ದು. ಎರಡನ್ನೂ ಬೆರೆಸಿ ಪ್ರಬೋಧನೆ ಮಾಡುವ ಆಸೆಯನ್ನು ತಡೆದುಕೊಳ್ಳುವುದು ಒಳ್ಳೆಯದು.

ಏಕೆಂದರೆ ಈ ರುಚಿಗೆ ಒಂದು ಕಹಿ ಮುಖವೂ ಇದೆ. ಒಂದು ಚುಟುಕದಲ್ಲಿ ಅವನು ಜನರು ಗುಂಪಾಗಿ ನಡೆಯುವ ದಾರಿ ತನಗೆ ಬೇಡ, ಊರಬಾವಿಯ ನೀರು ಬೇಡ, ಎಲ್ಲರದಾಗಿರುವ ಯಾವುದೂ ತನಗೆ ಹಿಡಿಸದು ಎಂದು ಸಾರುತ್ತಾನೆ. ಅಪೊಲೋ ಸ್ತೋತ್ರದ ಕೊನೆಯಲ್ಲಿ ದೊಡ್ಡ ಹೊಳೆ ಕೆಸರನ್ನೂ ಕಸವನ್ನೂ ಹೊತ್ತು ತರುತ್ತದೆ, ಶುದ್ಧವಾದ ಸಣ್ಣ ಊಟೆಯ ನೀರೇ ದೇವಿಗೆ ಸಲ್ಲುತ್ತದೆ ಎಂಬ ಹೋಲಿಕೆ ಬರುತ್ತದೆ. ಮಾತು ಅಂದವಾಗಿದೆ. ಆದರೆ ಊರಬಾವಿಯ ನೀರನ್ನು ಒಲ್ಲೆನೆನ್ನುವವನ ಬಗ್ಗೆ ಊರಿನವರು ಏನನ್ನುತ್ತಾರೆಂಬುದನ್ನು ಊಹಿಸುವುದು ಕಷ್ಟವಲ್ಲ. ಇದಕ್ಕೆ ಅರಮನೆಯ ಸ್ತುತಿಯನ್ನೂ ಸೇರಿಸಬೇಕು. ದೇಲೋಸ್ ದ್ವೀಪದ ಸ್ತೋತ್ರದಲ್ಲಿ ಇನ್ನೂ ಹುಟ್ಟಿರದ ಅಪೊಲೋ ತಾಯಿಯ ಗರ್ಭದಲ್ಲಿದ್ದುಕೊಂಡೇ ಟಾಲೆಮಿ ಅರಸನ ಹಿರಿಮೆಯನ್ನು ಮುಂತಿಳಿಸುತ್ತಾನೆ. ಆ ಸ್ತೋತ್ರದ ಊರುಗಳ ಹೆಸರಿನ ಉದ್ದನೆಯ ಸಾಲು ಇಂದಿನ ಓದುಗನನ್ನು ದಣಿಸುತ್ತದೆ, ಈ ಹೊಗಳಿಕೆ ಮುಜುಗರಕ್ಕೀಡುಮಾಡುತ್ತದೆ. ‘ಬೆರೆನಿಸ್‌ಳ ಮುಡಿ’ ಇದಕ್ಕಿಂತ ಉತ್ತಮ. ಮೂರನೆಯ ಟಾಲೆಮಿ ಕ್ರಿ.ಪೂ. 246ರ ಸುಮಾರಿಗೆ ಸಿರಿಯದ ಯುದ್ಧಕ್ಕೆ ಹೊರಟಾಗ ರಾಣಿ ಬೆರೆನಿಸ್, ಗಂಡ ಕ್ಷೇಮವಾಗಿ ಮರಳಿದರೆ ಕೂದಲಿನ ಎಳೆಯನ್ನು ಅರ್ಪಿಸುವೆನೆಂದು ಹರಕೆ ಹೊರುತ್ತಾಳೆ. ಅರ್ಪಿಸಿದ ಕೂದಲು ಕಾಣೆಯಾಗುತ್ತದೆ. ಆಸ್ಥಾನದ ಖಗೋಳಜ್ಞ ಕಾನನ್ ಅದನ್ನು ಆಕಾಶದಲ್ಲಿ ನಕ್ಷತ್ರಗಳಾಗಿ ತೋರಿಸುತ್ತಾನೆ. ಕವಿತೆಯಲ್ಲಿ ಮಾತಾಡುವುದು ಆ ಕೂದಲೇ. ನಕ್ಷತ್ರವಾದ ಗೌರವಕ್ಕಿಂತ ರಾಣಿಯ ತಲೆಯ ಮೇಲಿರುವುದೇ ಅದಕ್ಕೆ ಇಷ್ಟ. ರೋಮಿನ ಕತುಲ್ಲಸ್ ಇದನ್ನು ಲ್ಯಾಟಿನ್ ಭಾಷೆಗೆ ತಂದನು. ಸಿಂಹರಾಶಿಗೂ ಕನ್ಯಾರಾಶಿಗೂ ನಡುವಿನ ಆ ನಕ್ಷತ್ರಪುಂಜಕ್ಕೆ ಇಂದಿಗೂ ಅದೇ ಹೆಸರು. ಮುಖಸ್ತುತಿಯೇ ಆದರೂ ಅದರಲ್ಲಿ ತುಂಟತನದ ನಗೆಯಿದೆ.

ಇಷ್ಟಕ್ಕೇ ನಿಲ್ಲಿಸಿದರೆ ಓವಿದನ ತೀರ್ಪನ್ನು ಒಪ್ಪಬೇಕಾಗುತ್ತಿತ್ತು. ಆದರೆ ದಿಮೀಟರ್ ದೇವಿಯ ಸ್ತೋತ್ರದಲ್ಲಿ ಬರುವ ಎರಿಸಿಕ್ಥಾನ್‌ನ ಕತೆಯನ್ನು ಓದಬೇಕು. ಧಾನ್ಯದೇವಿಯ ಪವಿತ್ರವನಕ್ಕೆ ಆ ರಾಜಕುಮಾರ ಇಪ್ಪತ್ತು ಜನ ಆಳುಗಳೊಡನೆ ಕೊಡಲಿ ಹಿಡಿದು ನುಗ್ಗುತ್ತಾನೆ. ದೇವಿ ಅರ್ಚಕಿಯ ವೇಷದಲ್ಲಿ ಬಂದು ಮಗನೇ ಎಂದು ಕರೆದು ಮೃದುವಾಗಿ ಎಚ್ಚರಿಸುತ್ತಾಳೆ. ಅವನು ಕೊಡಲಿ ತೋರಿಸಿ ಗದರುತ್ತಾನೆ. ಈ ಮರಗಳಿಂದ ತನ್ನ ಔತಣದ ಮನೆಗೆ ಮಾಡು ಹಾಕಿಸುತ್ತೇನೆ ಎನ್ನುತ್ತಾನೆ. ಔತಣವೇ ಬೇಕಾದವನಿಗೆ ದೇವಿ ಕೊಡುವ ಶಿಕ್ಷೆ ತೀರದ ಹಸಿವು. ತಿಂದಷ್ಟೂ ಅದು ಹೆಚ್ಚುತ್ತದೆ. ಇಲ್ಲಿಂದ ಮುಂದೆ ಕವಿ ಮಾಡುವುದನ್ನು ಗಮನಿಸಬೇಕು. ಬೇರೊಬ್ಬನಾಗಿದ್ದರೆ ಶಾಪದ ಭಯಾನಕತೆಯನ್ನು ಗುಡುಗಿನಂತೆ ವರ್ಣಿಸುತ್ತಿದ್ದನು. ಕಲ್ಲಿಮಾಕಸ್ ಹುಡುಗನ ತಾಯಿಯ ಸಂಕಟಕ್ಕೆ ತಿರುಗುತ್ತಾನೆ. ನೆಂಟರಿಷ್ಟರಿಂದ ಊಟದ ಕರೆ ಬಂದಾಗಲೆಲ್ಲ ಆ ತಾಯಿ ಒಂದೊಂದು ನೆಪ ಹೇಳಬೇಕು: ಮಗ ಮನೆಯಲ್ಲಿಲ್ಲ, ನೂರು ಎತ್ತುಗಳ ಬಾಕಿ ವಸೂಲಿಗೆ ಪಕ್ಕದೂರಿಗೆ ಹೋಗಿದ್ದಾನೆ, ಕಾಡುಹಂದಿ ತಿವಿದು ಮಲಗಿದ್ದಾನೆ, ರಥದಿಂದ ಬಿದ್ದಿದ್ದಾನೆ. ಒಳಗೆ ಅವನು ಬಾಗಿಲು ಮುಚ್ಚಿಕೊಂಡು ತಿನ್ನುತ್ತಲೇ ಇದ್ದಾನೆ. ತಾಯಿ ದೇವರಿಗಾಗಿ ಸಾಕುತ್ತಿದ್ದ ಹಸು, ಪಂದ್ಯದ ಕುದುರೆ, ಯುದ್ಧದ ಕುದುರೆ, ಕೊನೆಗೆ ಇಲಿಗಳನ್ನು ಹೆದರಿಸುತ್ತಿದ್ದ ಬೆಕ್ಕು ಕೂಡ ಅವನ ಹೊಟ್ಟೆ ಸೇರುತ್ತವೆ. ಮನೆಯೊಳಗಿನ ವಿಷಯ ಮನೆಯವರಿಗೆ ಮಾತ್ರ ತಿಳಿದಿರುವವರೆಗೆ ಒಂದು ಬಗೆ. ಕೊನೆಗೆ ರಾಜನ ಮಗ ನಾಲ್ಕು ದಾರಿ ಕೂಡುವಲ್ಲಿ ಕುಳಿತು ಎಂಜಲಿಗೆ ಕೈಚಾಚುತ್ತಾನೆ. ಕುಡಿತಕ್ಕೆ ಬಿದ್ದ ಮಗನನ್ನು ಮನೆಯಲ್ಲಿಟ್ಟುಕೊಂಡು ನೆರೆಯವರಿಗೆ ನೆಪ ಹೇಳಿದ ತಾಯಂದಿರು ಈ ಭಾಗವನ್ನು ಟಿಪ್ಪಣಿಯಿಲ್ಲದೆ ಓದಬಲ್ಲರು. ಒಣಗಿದ ಎದೆಯಿಂದ ಈ ನೆಪಗಳ ಪಟ್ಟಿ ಹುಟ್ಟಲಾರದು. ಪಟ್ಟಿ ಮಾಡುವುದು ಅವನ ಕಸುಬು ಎಂಬುದು ನಿಜ. ಆ ಕಸುಬೇ ಇಲ್ಲಿ ಕರುಣೆಯ ಉಪಕರಣವಾಗಿದೆ.

ಅವನ ಚರಮಚುಟುಕಗಳಲ್ಲಿಯೂ ಅಷ್ಟೇ. ಫಿಲಿಪ್ ಎಂಬ ತಂದೆ ಹನ್ನೆರಡು ವರ್ಷದ ಮಗ ನಿಕೋತೆಲಿಸ್‌ನನ್ನು ಮಣ್ಣುಮಾಡಿದ ಸಂಗತಿಯನ್ನು ಅವನು ಎರಡೇ ಸಾಲುಗಳಲ್ಲಿ ಹೇಳಿ ಮುಗಿಸುತ್ತಾನೆ. ವಯಸ್ಸು, ಎರಡು ಹೆಸರು, ತಂದೆ ಇಟ್ಟುಕೊಂಡಿದ್ದ ನಿರೀಕ್ಷೆ, ಅಷ್ಟೇ. ಹಲಿಕಾರ್ನಾಸಸ್‌ನ ಹೆರಾಕ್ಲಿಟಸ್ ಎಂಬ ಕವಿಮಿತ್ರ ದೂರದಲ್ಲಿ ಸತ್ತ ಸುದ್ದಿ ಬಂದಾಗ ಬರೆದ ಕವಿತೆಯಲ್ಲಿ, ಇಬ್ಬರೂ ಮಾತಿನಲ್ಲಿ ಮೈಮರೆತು ಕಳೆದ ಸಂಜೆಗಳು ಬರುತ್ತವೆ. ಗೆಳೆಯನ ಕವಿತೆಗಳೆಂಬ ಕೋಗಿಲೆಗಳನ್ನು ಸಾವು ಮುಟ್ಟಲಾರದೆಂದು ಅವನು ನಂಬುತ್ತಾನೆ. ಆ ಹೆರಾಕ್ಲಿಟಸ್‌ನ ಹೆಸರಿನಲ್ಲಿ ಇಂದು ನಮಗೆ ಉಳಿದಿರುವುದು ಒಂದೇ ಒಂದು ಪದ್ಯ. ಉಳಿದ ಕೋಗಿಲೆಗಳೆಲ್ಲ ಹಾರಿಹೋದವು. ಗೆಳೆಯನ ಹೆಸರನ್ನು ಉಳಿಸಿದ್ದು ಮುಖ್ಯವಾಗಿ ಕಲ್ಲಿಮಾಕಸ್‌ನ ಆರು ಸಾಲುಗಳೇ.

ಈಗ ಆ ಮುದುಕಿಯ ಕತೆ. ‘ಹೆಕಾಲೆ’ ಎಂಬ ಕಿರುಕಾವ್ಯದ ನಾಯಕ ಮೇಲ್ನೋಟಕ್ಕೆ ಅಥೆನ್ಸಿನ ವೀರ ಥೀಸಿಯಸ್. ಮ್ಯಾರಥಾನ್ ಬಯಲನ್ನು ಹಾಳುಮಾಡುತ್ತಿದ್ದ ಕಾಡುಗೂಳಿಯನ್ನು ಹಿಡಿಯಲು ಅವನು ಹೊರಡುತ್ತಾನೆ. ದಾರಿಯಲ್ಲಿ ಬಿರುಗಾಳಿ ಮಳೆ ಹಿಡಿಯುತ್ತದೆ. ಬೆಟ್ಟದ ಬುಡದ ಗುಡಿಸಲಿನಲ್ಲಿ ಹೆಕಾಲೆ ಎಂಬ ಮುದುಕಿ ಅವನನ್ನು ಒಳಗೆ ಕರೆಯುತ್ತಾಳೆ. ವೀರಕಾವ್ಯದ ಕವಿಯಾಗಿದ್ದರೆ ಈ ಸಂಜೆಯನ್ನು ಹತ್ತು ಸಾಲಿನಲ್ಲಿ ದಾಟಿ ಗೂಳಿಯ ಕಾಳಗಕ್ಕೆ ಧಾವಿಸುತ್ತಿದ್ದನು. ನಮ್ಮ ಕವಿ ಗುಡಿಸಲಿನೊಳಗೇ ಉಳಿಯುತ್ತಾನೆ. ಬಡವರ ಮಂಚದ ಮೇಲೆ ಅತಿಥಿಯನ್ನು ಕೂರಿಸುವುದು, ನೀರು ಕಾಯಿಸುವುದು, ಬಗೆಬಗೆಯ ಆಲಿವ್ ಕಾಯಿಗಳನ್ನು ಮುಂದಿಡುವುದು, ಡಬ್ಬದಿಂದ ರೊಟ್ಟಿಗಳನ್ನು ತೆಗೆಯುವುದು ಇವೆಲ್ಲ ಉಳಿದ ತುಣುಕುಗಳಲ್ಲಿ ಕಾಣುತ್ತವೆ. ಅವಳು ಬಡಿಸಿದ ಎರಡು ಬಗೆಯ ಕಾಡುಸೊಪ್ಪುಗಳನ್ನು ರೋಮಿನ ಪ್ಲಿನಿ ತನ್ನ ಪ್ರಕೃತಿಚರಿತ್ರೆಯಲ್ಲಿ ಹೆಸರಿಸಿದ್ದಾನೆ! ಮಾತಿನ ನಡುವೆ ಅವಳು ತನ್ನ ಕತೆ ಹೇಳಿಕೊಳ್ಳುತ್ತಾಳೆ. ಹುಟ್ಟಿನಿಂದ ಬಡವಳಲ್ಲ, ಸ್ಥಿತಿವಂತರ ಮನೆಯವಳು. ಎಲ್ಲವನ್ನೂ ಎಲ್ಲರನ್ನೂ ಕಳೆದುಕೊಂಡು ಒಂಟಿಯಾಗಿದ್ದಾಳೆ. ಬೆಳಗಾದ ಮೇಲೆ ಥೀಸಿಯಸ್ ಹೋಗುತ್ತಾನೆ, ಗೂಳಿಯನ್ನು ಗೆದ್ದು ಜೀವಂತವಾಗಿ ಎಳೆದು ತರುತ್ತಾನೆ.

ಈ ಕಾವ್ಯದ ಒಂದು ದೊಡ್ಡ ತುಣುಕು ಸಿಕ್ಕಿದ್ದು ಶಾಲೆಯ ಅಭ್ಯಾಸದ ಒಂದು ಮರದ ಹಲಗೆಯ ಮೇಲೆ. ಈಜಿಪ್ಟಿನ ಆ ಹಲಗೆ ವಿಯೆನ್ನಾ ಸೇರಿ, 1893ರಲ್ಲಿ ಪ್ರಕಟವಾಯಿತು. ಅದರಲ್ಲಿ ರಾತ್ರಿಯಿಡೀ ಒಂದು ಕಾಗೆ ಮತ್ತೊಂದು ಹಕ್ಕಿಯೊಡನೆ ಹಳೆಯ ಸುದ್ದಿಗಳನ್ನು ಹೇಳುತ್ತಿರುತ್ತದೆ. ಎರಡಕ್ಕೂ ಜೋಂಪು ಹತ್ತುತ್ತದೆ. ಅಷ್ಟರಲ್ಲಿ ಹಿಮದ ನಸುಕು ಬರುತ್ತದೆ. ಕಳ್ಳರ ಹೊತ್ತು ಮುಗಿದು ಮನೆಗಳಲ್ಲಿ ದೀಪ ಹತ್ತುತ್ತದೆ, ನೀರು ಸೇದುವವರ ಹಾಡು ಕೇಳುತ್ತದೆ, ಗಾಡಿಯ ಅಚ್ಚಿನ ಕಿರುಗುಟ್ಟುವಿಕೆ ರಸ್ತೆಬದಿಯ ಮನೆಯವನ ನಿದ್ದೆ ಕೆಡಿಸುತ್ತದೆ. ಊರಬಾವಿಯ ನೀರನ್ನು ಬೇಡವೆಂದವನು ಬಾವಿಯ ಹಾಡಿಗೆ ಕಿವಿಗೊಟ್ಟಿದ್ದಾನೆ. ಹೆದ್ದಾರಿಯನ್ನು ಬಿಟ್ಟೆನೆಂದವನು ಹೆದ್ದಾರಿಯ ಪಕ್ಕದಲ್ಲಿ ಮಲಗಿದವನ ಸಂಕಟವನ್ನು ಬಲ್ಲನು. ಅವನ ಸಿದ್ಧಾಂತಕ್ಕಿಂತ ಅವನ ಕವಿತೆ ಉದಾರವಾದುದು. ದೊಡ್ಡದನ್ನು ಬಿಟ್ಟು ಸಣ್ಣದನ್ನು ಆರಿಸಿಕೊಂಡ ಕವಿ ಅಲ್ಲಿ ಸಣ್ಣವರನ್ನು ಕಂಡನು. ಲ್ಯಾಟಿನ್ ಸಾಹಿತ್ಯದಲ್ಲಿ ಓವಿದ್ ಬರೆದ ಫಿಲೆಮೋನ್ ಮತ್ತು ಬೌಸಿಸ್ ಎಂಬ ಬಡ ದಂಪತಿಗಳ ಅತಿಥಿಸತ್ಕಾರದ ಕತೆ ಹೆಕಾಲೆಯ ಗುಡಿಸಲಿಗೆ ಋಣಿಯಾಗಿದೆ. ಪ್ರತಿಭೆ ಇಲ್ಲವೆಂದವನೇ ಸಾಲ ತಂದಿದ್ದಾನೆ. ಎರಿಸಿಕ್ಥಾನ್‌ನ ಕತೆಯನ್ನೂ ಅವನು ಮತ್ತೆ ಹೇಳಿದ್ದಾನೆ.

ರೋಮಿನ ಮೇಲಾದ ಪ್ರಭಾವವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಯುದ್ಧಗಳ ಕಾವ್ಯ ಬರೆಯಹೊರಟ ತನ್ನನ್ನು ಅಪೊಲೋ ತಡೆದನೆಂದು ವರ್ಜಿಲ್ ಹೇಳುವಾಗ ನಾವು ಕೇಳುವುದು ಕಲ್ಲಿಮಾಕಸ್‌ನ ದನಿ. ಪ್ರೊಪೆರ್ಷಿಯಸ್ ತನ್ನನ್ನು ರೋಮಿನ ಕಲ್ಲಿಮಾಕಸ್ ಎಂದೇ ಕರೆದುಕೊಂಡನು. ನಮಗೆ ಹೆಚ್ಚು ಕುತೂಹಲಕರವಾದುದು ಕ್ರಿಸ್ತಸಭೆಯೊಳಗೆ ಅವನು ಬಂದ ದಾರಿ. ತೀತನಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲಿ ಕ್ರೇಟ್ ದ್ವೀಪದವರನ್ನು ಸುಳ್ಳುಗಾರರೆಂದು ಜರೆಯುವ ಒಂದು ಗ್ರೀಕ್ ಪದ್ಯವಿದೆ. ಆ ಪದ್ಯವನ್ನು ಪ್ರಾಚೀನರು ಕ್ರೇಟ್‌ನವನೇ ಆದ ಎಪಿಮೆನಿಡಿಸ್‌ನದೆಂದು ತಿಳಿದಿದ್ದರು. ಅದರ ಆರಂಭದ ಮಾತುಗಳು ಕಲ್ಲಿಮಾಕಸ್‌ನ ಜ್ಯೂಸ್ ಸ್ತೋತ್ರದಲ್ಲಿಯೂ ಇವೆ. ಸಂತ ಜೆರೋಮರು ಆ ಪತ್ರಕ್ಕೆ ವ್ಯಾಖ್ಯಾನ ಬರೆಯುವಾಗ ಇಬ್ಬರನ್ನೂ ಹೆಸರಿಸಿದ್ದಾರೆ. ಅಥೆನ್ಸಿನ ಅರಿಯೋಪಾಗದಲ್ಲಿ ಸಂತ ಪೌಲರು ನಾವು ದೇವರ ಸಂತತಿಯೆಂಬ ಕವಿವಾಣಿಯನ್ನು ಎತ್ತಿಕೊಂಡರಲ್ಲವೇ? ಪ್ರೇಷಿತರ ಕಾರ್ಯಕಲಾಪಗಳ ಹದಿನೇಳನೆಯ ಅಧ್ಯಾಯದ ಆ ಮಾತು ನಕ್ಷತ್ರಗಳ ಕುರಿತು ಕಾವ್ಯ ಬರೆದ ಅರಾಟಸ್‌ನ ಕೃತಿಯಲ್ಲಿದೆ. ಆ ಕಾವ್ಯಕ್ಕಾಗಿ ಅರಾಟಸ್ ನಿದ್ದೆಗೆಟ್ಟದ್ದನ್ನು ಮೆಚ್ಚಿ ಕಲ್ಲಿಮಾಕಸ್ ಒಂದು ಚುಟುಕ ಬರೆದಿದ್ದನು.

ನಾಲ್ಕನೆಯ ಶತಮಾನದಲ್ಲಿ ನಾಜಿಯಾನ್ಸಸ್‌ನ ಸಂತ ಗ್ರೆಗೊರಿಯವರು ಅವನ ಮಾತುಗಳನ್ನೂ ಅವನ ರುಚಿಯನ್ನೂ ಚೆನ್ನಾಗಿ ಅರಗಿಸಿಕೊಂಡಿದ್ದರು. ಚಕ್ರವರ್ತಿ ಜೂಲಿಯನ್ 362ರಲ್ಲಿ ಕ್ರೈಸ್ತರು ಗ್ರೀಕ್ ಸಾಹಿತ್ಯವನ್ನು ಬೋಧಿಸದಂತೆ ಮಾಡಿದಾಗ ಕೆರಳಿ ಬರೆದವರು ಅವರು. ಭಾಷೆ ಯಾವುದೋ ಒಂದು ಧರ್ಮದವರ ಸ್ವತ್ತಲ್ಲವೆಂಬುದು ಅವರ ವಾದ. ಅವರು ರಚಿಸಿದ ಪದ್ಯಗಳಲ್ಲಿ ಸುಮಾರು 17,000 ಸಾಲುಗಳು ಉಳಿದಿವೆ. ತಾನೇಕೆ ಛಂದಸ್ಸಿನಲ್ಲಿ ಬರೆಯುತ್ತೇನೆಂದು ವಿವರಿಸುವ ಕವಿತೆಯಲ್ಲಿ ಅವರು ಕೊಡುವ ಮೊದಲ ಕಾರಣ, ಮಾತಿಗೆ ಅಳತೆಯ ಕಡಿವಾಣ ಹಾಕಿಕೊಳ್ಳುವುದು. ಕಲ್ಲಿಮಾಕಸ್ ಇದನ್ನು ಒಪ್ಪುತ್ತಿದ್ದನು. ಆದರೂ 17,000 ಸಾಲುಗಳನ್ನು ನೋಡಿ ಹುಬ್ಬೇರಿಸುತ್ತಿದ್ದನೇನೋ!

ಎಂಟುನೂರಕ್ಕೂ ಹೆಚ್ಚು ಪುಸ್ತಕ ಬರೆದನೆಂದು ‘ಸೂದ’ ಹೇಳುವ ಈ ಕವಿಯದು ಪೂರ್ಣವಾಗಿ ಉಳಿದದ್ದು ಆರು ಸ್ತೋತ್ರಗಳು ಮತ್ತು ಅರವತ್ತರಷ್ಟು ಚುಟುಕಗಳು. ಎಲ್ಲರ ಪುಸ್ತಕಗಳನ್ನೂ ಪಟ್ಟಿಮಾಡಿದವನ ಸ್ವಂತ ಪುಸ್ತಕಗಳ ಗತಿ ಇದು. ಮಿಕ್ಕದ್ದನ್ನು ಮರಳಿಸಿದ್ದು ಈಜಿಪ್ಟಿನ ಒಣ ಮರಳು. ಆಕ್ಸಿರಿಂಕಸ್ ಎಂಬ ಹಾಳೂರಿನ ತಿಪ್ಪೆಗಳನ್ನು 1896ರ ಕೊನೆಯಿಂದ ಗ್ರೆನ್‌ಫೆಲ್ ಮತ್ತು ಹಂಟ್ ಅಗೆಯತೊಡಗಿದರು. ಕನ್ನಡಿಗರಿಗೆ ಈ ಊರಿನ ಹೆಸರು ಹೊಸತಲ್ಲ. ಅಲ್ಲಿ ಸಿಕ್ಕಿದ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡದ ಮಾತುಗಳಿವೆಯೆಂದು ಹುಲ್ಟ್ಸ್ 1904ರಲ್ಲಿ ವಾದಿಸಿದರು. ‘ಗೊಲ್ಗೊಥಾ’ ಬರೆದ ಮಂಜೇಶ್ವರ ಗೋವಿಂದ ಪೈಯವರೂ ಆ ಚರ್ಚೆಯಲ್ಲಿ ಪಾಲುಗೊಂಡರು. ವಾದ ಇಂದಿಗೂ ಎಲ್ಲರ ಒಪ್ಪಿಗೆ ಪಡೆದಿಲ್ಲ. ಅದೇ ತಿಪ್ಪೆಗಳಿಂದ ‘ಐತಿಯ’ದ ಹಲವು ಹಾಳೆಗಳೂ ಬಂದವು. ಟೀಕಾಕಾರರಿಗೆ ಉತ್ತರ ಕೊಡುವ ಆ ಮುನ್ನುಡಿ 1927ರಲ್ಲಷ್ಟೇ ಮತ್ತೆ ಬೆಳಕು ಕಂಡಿತು. ಚೂರುಗಳನ್ನೆಲ್ಲ ಜೋಡಿಸಿ 1949 ಮತ್ತು 1953ರಲ್ಲಿ ಎರಡು ಸಂಪುಟಗಳನ್ನು ಹೊರತಂದವರು ರುಡಾಲ್ಫ್ ಫೈಫರ್. ಆಗ್ಸ್‌ಬರ್ಗ್‌ನ ಬೆನೆಡಿಕ್ಟ್ ಸಭೆಯ ಗುರುಗಳ ಶಾಲೆಯಲ್ಲಿ ಗ್ರೀಕ್ ಕಲಿತವರು. ಪತ್ನಿ ಯೆಹೂದ್ಯ ಮೂಲದವರೆಂಬ ಕಾರಣಕ್ಕೆ ನಾಜಿ ಆಡಳಿತ 1937ರಲ್ಲಿ ಅವರನ್ನು ಮ್ಯೂನಿಕ್‌ನ ಪ್ರಾಧ್ಯಾಪಕ ಹುದ್ದೆಯಿಂದ ತೆಗೆಯಿತು. ಮರುವರ್ಷ ಅವರು ಆಕ್ಸ್‌ಫರ್ಡಿಗೆ ಹೋಗಿ, ಆ ಕೆಲಸವನ್ನು ಅಲ್ಲಿ ಮುಂದುವರಿಸಿದರು.

‘ಹೆಕಾಲೆ’ಯನ್ನು ಇಡಿಯಾಗಿ ಓದಿದನೆಂದು ನಮಗೆ ತಿಳಿದಿರುವ ಕೊನೆಯ ಮನುಷ್ಯ ಒಬ್ಬ ಧರ್ಮಾಧ್ಯಕ್ಷ. ಪೂರ್ವ ಸಭೆಯ ಮೈಕೆಲ್ ಕೋನಿಯಾಟಿಸ್ 1182ರಲ್ಲಿ ಅಥೆನ್ಸಿನ ಮಹಾಧರ್ಮಾಧ್ಯಕ್ಷರಾಗಿ ಬಂದರು. ಆಗ ಪಾರ್ಥೆನಾನ್ ಮಾತೆ ಮರಿಯಮ್ಮನವರ ದೇವಾಲಯವಾಗಿತ್ತು. ಅವರು ತಮ್ಮ ಬರಹಗಳಲ್ಲಿ ಹೆಕಾಲೆಯ ಮಾತುಗಳನ್ನು ಸರಾಗವಾಗಿ ಬಳಸುತ್ತಾರೆ. ಅವರ ಬಳಿ ಕಾವ್ಯದ ಪ್ರತಿಯಿತ್ತು. 1204ರಲ್ಲಿ ನಾಲ್ಕನೆಯ ಧರ್ಮಯುದ್ಧದ ಸೈನ್ಯ ದಿಕ್ಕು ತಪ್ಪಿ ಕಾನ್‌ಸ್ಟಾಂಟಿನೋಪಲ್ ನಗರವನ್ನೇ ಸೂರೆಮಾಡಿತು. ಅದರ ಬೆನ್ನಿಗೇ ಅಥೆನ್ಸ್ ಕೂಡ ಶಿಲುಬೆಯ ಗುರುತು ಧರಿಸಿದವರ ಕೈಗೆ ಬಿತ್ತು. ಎರಡನೆಯ ಜಾನ್ ಪೌಲ್ ಜಗದ್ಗುರುಗಳು 2001ರಲ್ಲಿ ಅದೇ ಅಥೆನ್ಸಿಗೆ ಹೋದಾಗ ಈ ಸೂರೆಯನ್ನು ನೆನೆದು ದುಃಖ ವ್ಯಕ್ತಪಡಿಸಿದರು. ಕೋನಿಯಾಟಿಸ್ ಊರು ಬಿಟ್ಟು ಕೆಯೋಸ್ ದ್ವೀಪ ಸೇರಿದರು. ಕಲ್ಲಿಮಾಕಸ್ ‘ಐತಿಯ’ದಲ್ಲಿ ಹೇಳುವ ಅಕೋಂಟಿಯಸ್ ಎಂಬ ಪ್ರೇಮಿಯ ಊರೂ ಅದೇ ದ್ವೀಪ. ಅವರ ಪುಸ್ತಕಗಳು ಚೆಲ್ಲಾಪಿಲ್ಲಿಯಾಗಿದ್ದವು. ಅವುಗಳಲ್ಲಿ ಸಿಕ್ಕಷ್ಟನ್ನು ಮರಳಿ ಪಡೆಯಲು ಅಲ್ಲಿಂದಲೇ ಪತ್ರಗಳನ್ನು ಬರೆಯುತ್ತಿದ್ದರು. ಅವರ ಅನಂತರ ಆ ಕಾವ್ಯವನ್ನು ಪೂರ್ಣವಾಗಿ ಕಂಡವರ ಸುಳಿವಿಲ್ಲ.

ಕಾವ್ಯದ ಕೊನೆಯ ಭಾಗ ಚೂರುಚೂರಾಗಿಯೇ ಉಳಿದಿದೆ. ಥೀಸಿಯಸ್ ಗೆದ್ದು ಮರಳಿ ಗುಡಿಸಲಿಗೆ ಬರುತ್ತಾನೆ. ಅಲ್ಲಿ ಜನರು ಒಂದು ಸಮಾಧಿಯನ್ನು ಕಟ್ಟುತ್ತಿದ್ದಾರೆ. ಯಾರದೆಂದು ಕೇಳುತ್ತಾನೆ. ಮುಂದೆ ಅವನು ಅವಳ ಹೆಸರಿನಲ್ಲಿ ಒಂದು ಊರನ್ನೂ, ವರ್ಷಕ್ಕೊಮ್ಮೆ ಎಲ್ಲರೂ ಉಣ್ಣುವ ಹಬ್ಬವನ್ನೂ ಏರ್ಪಡಿಸುತ್ತಾನೆ. ಮುದುಕಿಯನ್ನು ಬೀಳ್ಕೊಡುವ ಮಾತುಗಳೂ ಒಂದು ತುಣುಕಿನಲ್ಲಿವೆ. ನೋವು ಹಿಂಬಾಲಿಸದ ಹಾದಿಯಲ್ಲಿ ಹೋಗೆಂದು ಅವಳನ್ನು ಹರಸಿ, ಆ ಗುಡಿಸಲು ದಾರಿಹೋಕರಿಗೆಲ್ಲ ತೆರೆದಿತ್ತು, ಅದು ಎಲ್ಲರದೂ ಆಗಿತ್ತು ಎಂದು ಅವರು ನೆನೆಯುತ್ತಾರೆ.